ಬೆಟ್ಟದ ಒಂಟಿ ಮನೆಯಲ್ಲಿ ತಂಗುವುದು ಹೇಗೆ? ಮೊದಲು ಒಲೆ ಹಚ್ಚುವುದು ಕಲಿಯಿರಿ

ಮೈಸೂರಿನವರಿಗೆ ಬೆಟ್ಟ ಹೊಸದೇನಲ್ಲ. ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಇಳಿದು, ದೋಸೆ ತಿಂದು ಮನೆ ಸೇರುವ ಜನ ನಾವು. ಆದರೆ ಕೊಡಗಿನ ತಡಿಯಂಡಮೋಳ್ ಬುಡದಲ್ಲೋ, ಪುಷ್ಪಗಿರಿಯ ಮಗ್ಗುಲಲ್ಲೋ, ಚಿಕ್ಕಮಗಳೂರಿನ ಗಿರಿಗಳ ಹಿಂದೆಯೋ ಇರುವ ಒಂಟಿ ಮನೆಯಲ್ಲಿ ಎರಡು ರಾತ್ರಿ ಇರುವುದು ಬೇರೆಯೇ ಕೆಲಸ. ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಜೀಪು ಅರ್ಧ ದಾರಿಗೇ ನಿಂತುಬಿಡುತ್ತದೆ. ಎಲ್ಲರೂ ಆನೆ, ಹುಲಿ, ಹಾವು ಅಂತ ಹೆದರಿಕೊಂಡು ಬರುತ್ತಾರೆ. ಹೆಚ್ಚಿನವರು ಸೋಲುವುದು ಒಲೆಯ ಮುಂದೆ. ಸಂಜೆ ಏಳಕ್ಕೆ ಹಸಿ ಸೌದೆ, ಕಣ್ಣು ತುಂಬ ಹೊಗೆ, ಮಕ್ಕಳಿಗೆ ಹಸಿವು, ಗಂಡ ಹೆಂಡತಿಗೆ ಜಗಳ. ಇದನ್ನು ಬೇಕಾದಷ್ಟು ಸಲ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ.

1. ಮನೆ ಗೊತ್ತು ಮಾಡಿ

ಫೋಟೊ ನೋಡಿ ದುಡ್ಡು ಕಟ್ಟಬೇಡಿ. ಮಾಲೀಕರಿಗೆ ಫೋನ್ ಮಾಡಿ ಮಾತಾಡಿ. ಸೌದೆ ಎಲ್ಲಿ ಇಟ್ಟಿದ್ದೀರಿ, ಸೂರಿನ ಕೆಳಗಾ, ಬಯಲಲ್ಲಾ? ನೀರು ಕೊಳವೆಯಲ್ಲಿ ಬರುತ್ತದೋ, ಹಳ್ಳದಿಂದ ಹೊರಬೇಕೋ? ಗಾಡಿ ಎಲ್ಲಿವರೆಗೆ ಹೋಗುತ್ತದೆ? ಕೀ ಯಾರ ಕೈಯಲ್ಲಿದೆ? ಮೊದಲ ಪ್ರಶ್ನೆಗೆ "ಸೌದೆಗೇನು ಸಾರ್, ಕಾಡಲ್ಲಿ ಬೇಕಾದಷ್ಟಿದೆ" ಅಂತ ಉತ್ತರ ಬಂದರೆ ಬೇರೆ ಮನೆ ಹುಡುಕಿ. ಕಾಡಿನಿಂದ ಸೌದೆ ಆರಿಸುವುದು ನಿಮ್ಮ ಕೆಲಸವಲ್ಲ, ಹಲವು ಕಡೆ ಅದು ಅಪರಾಧ ಕೂಡ.

ಅಭಯಾರಣ್ಯದೊಳಗಿನ ಮನೆಯಾದರೆ ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಲೇಬೇಕು. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಸು ಬೀಳುತ್ತದೆ. "ನಮ್ಮ ಪರಿಚಯದ ಗಾರ್ಡ್ ಇದ್ದಾರೆ" ಅನ್ನುವವರ ಮಾತು ಕೇಳಬೇಡಿ.

ತಿಂಗಳು ಯಾವುದು ಅಂದರೆ ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದ ಹಸಿರು ಚೆಂದ, ನಿಜ. ಆದರೆ 2018ರ ಆಗಸ್ಟ್‌ನಲ್ಲಿ, ಮತ್ತೆ 2020ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಜೀವಗಳೇ ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಜಾರಿನ ಮನೆಯಲ್ಲಿ ಮಲಗುವ ಆಸೆ ಬಿಟ್ಟುಬಿಡಿ.

2. ಚೀಲ ತುಂಬಿ

ಬಟ್ಟೆಯ ಬಗ್ಗೆ ಒಂದೇ ಲೆಕ್ಕ. ಪ್ರತಿ ಸಾವಿರ ಮೀಟರ್ ಮೇಲೇರಿದಂತೆ ಸುಮಾರು 6 ಡಿಗ್ರಿ ತಣ್ಣಗಾಗುತ್ತದೆ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ತಡಿಯಂಡಮೋಳ್ ತುದಿ 1748 ಮೀಟರ್. ಡಿಸೆಂಬರ್‌ನಲ್ಲಿ ನಮ್ಮೂರಿನ ಚಳಿಗೇ ಮಫ್ಲರ್ ಸುತ್ತಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಜೀನ್ಸ್ ಬೇಡ, ನೆಂದರೆ ಎರಡು ದಿನವಾದರೂ ಒಣಗುವುದಿಲ್ಲ. ಮಲಗುವಾಗ ಹಾಕುವ ಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ, ಹಗಲು ಅದನ್ನು ಮುಟ್ಟಬೇಡಿ.

ಊಟಕ್ಕೆ ಹುರಿದ ರವೆ, ಅವಲಕ್ಕಿ, ರಾಗಿ ಹಿಟ್ಟು, ಹುರಿಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮಂಡ್ಯದ ಒಂದು ಅಚ್ಚು ಬೆಲ್ಲ. ಒಲೆ ಹತ್ತದೇ ಹೋದರೂ ಹುರಿಹಿಟ್ಟಿಗೆ ಬೆಲ್ಲ, ನೀರು ಕಲಸಿ ತಿಂದು ಮಲಗಬಹುದು. ಬಿರಿಯಾನಿ ಮಾಡ್ತೀವಿ ಅಂತ ಕೋಳಿ ಹೊತ್ತು ತರುವವರಿದ್ದಾರೆ. ಮೊದಲ ರಾತ್ರಿ ಉಪ್ಪಿಟ್ಟು ಮಾಡಿ ತೋರಿಸಿ, ಆಮೇಲೆ ಬಿರಿಯಾನಿ.

ಇನ್ನು ಬೆಂಕಿಯ ಚೀಲ. ಇದನ್ನು ಯಾರೂ ತರುವುದಿಲ್ಲ, ಎಲ್ಲರೂ ತರಬೇಕು. ಒಂದು ಚೀಲ ಒಣ ತೆಂಗಿನ ಚಿಪ್ಪು, ಒಂದು ಹಿಡಿ ಒಣ ನಾರು, ಎರಡು ಬೆಂಕಿಪೊಟ್ಟಣ, ದೇವರ ಮನೆಯ ಕರ್ಪೂರದ ಡಬ್ಬಿ, ಎಣ್ಣೆಯಲ್ಲಿ ಅದ್ದಿದ ಹತ್ತು ಹನ್ನೆರಡು ಹೂಬತ್ತಿ. ಬೆಂಕಿಪೊಟ್ಟಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಂಡ್ಯ, ಮದ್ದೂರಿನ ಕಡೆಯವರ ಹಿತ್ತಲಲ್ಲಿ ಚಿಪ್ಪು ರಾಶಿ ಬಿದ್ದಿರುತ್ತದೆ. ಮೈಸೂರಿನವರು ಒಂದು ತಿಂಗಳು ಕಾಯಿ ತುರಿದ ಮೇಲೆ ಬಿಸಾಕದೆ ಬಿಸಿಲಿಗಿಟ್ಟರೆ ಸಾಕು.

ಆನ್‌ಲೈನ್‌ನಲ್ಲಿ ಬೆಂಕಿ ಹಚ್ಚುವ ಕ್ಯೂಬ್ ಅಂತ ಮಾರುತ್ತಾರೆ. ಎಷ್ಟೋ ಕ್ಯೂಬ್‌ಗಳಲ್ಲಿ ಉರಿಗಿಂತ ಸೀಮೆಎಣ್ಣೆ ವಾಸನೆಯೇ ಜಾಸ್ತಿ, ಉಪ್ಪಿಟ್ಟಿಗೂ ಅದೇ ವಾಸನೆ. ಕಿಡಿ ಹಾರಿಸುವ ಮೆಗ್ನೀಸಿಯಂ ಕಡ್ಡಿ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ, ಚಳಿಯಲ್ಲಿ ಕೈ ನಡುಗುವಾಗ ಸುಮ್ನೆ ಸಮಯ ಹಾಳು. ತಲೆಗೆ ಕಟ್ಟುವ ಟಾರ್ಚಿಗೆ ಮಾತ್ರ ಸ್ವಲ್ಪ ದುಡ್ಡು ಹಾಕಿ. ಅಗ್ಗದ್ದು ಮೊದಲ ರಾತ್ರಿಯೇ ಮಂಕಾಗುತ್ತದೆ.

3. ಬೆಳಕಿರುವಾಗಲೇ ತಲುಪಿ

ಸಂಜೆ ನಾಲ್ಕಕ್ಕೆ ಮನೆಯೊಳಗಿರಬೇಕು. ಕಣಿವೆಯಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ. ಹುಣಸೂರಿನಲ್ಲಿ ಒಂದು ಕಾಫಿ, ಗೋಣಿಕೊಪ್ಪದಲ್ಲಿ ಇನ್ನೊಂದು ಅಂತ ನಿಂತರೆ ಕತ್ತಲಲ್ಲಿ ಸೌದೆ ತಡಕಾಡಬೇಕಾಗುತ್ತದೆ. ನೀಲಗಿರಿ ಕಡೆ ಹೋಗುವವರಿಗೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಅನ್ನುವುದು ಗೊತ್ತಿರಲಿ.

ನೆಟ್‌ವರ್ಕ್ ಹೋಗುವ ಮೊದಲು ಮನೆಗೆ ಫೋನ್ ಮಾಡಿ. ಎಲ್ಲಿರುತ್ತೀರಿ, ಯಾವಾಗ ಇಳಿಯುತ್ತೀರಿ, ಅಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು, ಎಲ್ಲವನ್ನೂ ಒಬ್ಬರಿಗೆ ಬಾಯಿಬಿಟ್ಟು ಹೇಳಿ. ಸಿಗ್ನಲ್ ಇರುವ ಕಡೆ ತುರ್ತಿಗೆ 112.

ನಡೆಯುವ ದಾರಿಯಲ್ಲಿ ಜಿಗಣೆ ಹತ್ತಿದರೆ ಕಿರುಚಬೇಡಿ, ಎಳೆಯಬೇಡಿ. ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಜಾರಿಸಿ ತೆಗೆದು ಒತ್ತಿ ಹಿಡಿಯಿರಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಅದು ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಜಿಗಣೆಯ ಎಂಜಲಿನಲ್ಲೇ ಇದೆ. ಕಾಲುಚೀಲದ ಮೇಲೆ ಉಪ್ಪಿನ ಗಂಟು ಉಜ್ಜಿಕೊಂಡರೆ ಅರ್ಧ ಕಾಟ ತಪ್ಪುತ್ತದೆ.

4. ಒಲೆ ಹಚ್ಚಿ

ಬಂದ ತಕ್ಷಣ ಸೆಲ್ಫಿ ಬೇಡ, ಕುರ್ಚಿ ಬೇಡ. ಒಬ್ಬರು ನೀರಿಗೆ ಹೋಗಲಿ, ಒಬ್ಬರು ಒಲೆಗೆ ಕೂರಲಿ. ಒಲೆಗೆ ಒಬ್ಬರೇ. ನಾಲ್ಕು ಜನ ಸುತ್ತ ನಿಂತು ಸಲಹೆ ಕೊಟ್ಟರೆ ಹತ್ತುವ ಒಲೆಯೂ ಹತ್ತುವುದಿಲ್ಲ.

ಸೌದೆ ಗೂಡಿಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ. ಬೆಚ್ಚಗಿರುವ ಜಾಗ ಚೇಳಿಗೂ ಹಾವಿಗೂ ಇಷ್ಟ. ಸೌದೆಯನ್ನು ರಾಶಿಯ ಮೇಲಿನಿಂದ ತೆಗೆಯಬೇಡಿ, ನೆಲಕ್ಕೆ ತಾಗಿದ್ದೂ ಬೇಡ. ನಡುವಿನದ್ದು ಎಳೆಯಿರಿ. ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಠಣ್ ಅಂದರೆ ಒಣಗಿದೆ, ದಪ್ ಅಂದರೆ ಹಸಿ. ಕೊನೆಯ ಕಡೆ ಸೀಳು ಬಿಟ್ಟಿದ್ದರೆ, ತೊಗಟೆ ತಾನಾಗಿ ಸುಲಿದು ಬಂದರೆ ಅದೂ ಒಳ್ಳೆಯದೇ.

ಎಲ್ಲವೂ ಹಸಿಯೇ ಇದ್ದರೆ? ಅದಕ್ಕೂ ದಾರಿಯಿದೆ. ಮಳೆಗೆ ನೆಂದ ಒಣ ಕಟ್ಟಿಗೆ ಹೊರಗಷ್ಟೇ ಒದ್ದೆ, ಒಳಗೆ ಒಣಗಿರುತ್ತದೆ. ಹೊಸದಾಗಿ ಕಡಿದ ಮರ ಒಳಗೂ ಹಸಿ, ಅದನ್ನು ಬಿಟ್ಟುಬಿಡಿ. ನೆಂದದ್ದನ್ನು ಮಚ್ಚಿನಿಂದ ತೊಗಟೆ ಸವರಿ, ನಾಲ್ಕಾಗಿ ಸೀಳಿ, ಒಳಗಿನ ತಿರುಳಿನಿಂದ ಚಕ್ಕೆ ತೆಗೆಯಿರಿ. ಹೆಚ್ಚಿನವರು ಸೋಮಾರಿತನ ಮಾಡುವುದು ಇಲ್ಲೇ. ತೊಡೆ ಗಾತ್ರದ ದಿಮ್ಮಿಯನ್ನು ಹಾಗೇ ಒಲೆಗೆ ತುರುಕಿ, ಅದರ ಕೆಳಗೆ ಪೇಪರ್ ಮೇಲೆ ಪೇಪರ್ ಸುಡುತ್ತಾರೆ. ಪೇಪರ್‌ನ ಶಾಖವೆಲ್ಲ ಸೌದೆಯ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಸಿಗುವುದು ಬರೀ ಹೊಗೆ.

ಹಚ್ಚುವ ಮೊದಲೇ ನಾಲ್ಕು ಗುಡ್ಡೆ ಮಾಡಿಟ್ಟುಕೊಳ್ಳಿ. ಕಡ್ಡಿಯಷ್ಟು ಸಣ್ಣದು, ಪೆನ್ಸಿಲ್ ಗಾತ್ರದ್ದು, ಹೆಬ್ಬೆರಳಿನಷ್ಟು ದಪ್ಪದ್ದು, ಮಣಿಕಟ್ಟಿನಷ್ಟು ದಪ್ಪದ್ದು. ಪ್ರತಿಯೊಂದೂ ನಿಮಗೆ ಬೇಕು ಅನ್ನಿಸಿದ್ದಕ್ಕಿಂತ ದುಪ್ಪಟ್ಟು ಇರಲಿ. ಉರಿ ಹತ್ತಿದ ಮೇಲೆ ಪುಳ್ಳೆ ಹುಡುಕಲು ಎದ್ದು ಹೋದರೆ ಬರುವಷ್ಟರಲ್ಲಿ ಆರಿರುತ್ತದೆ.

ಒಲೆಯ ಬೂದಿಯನ್ನು ಪೂರ್ತಿ ಬಳಿಯಬೇಡಿ. ಒಂದೆರಡು ಬೆರಳು ದಪ್ಪ ಬೂದಿ ಇದ್ದರೆ ಕೆಂಡ ಚೆನ್ನಾಗಿ ನಿಲ್ಲುತ್ತದೆ. ಅದರ ಮೇಲೆ ನಾರಿನ ಗೂಡು, ಗೂಡಿನೊಳಗೆ ಎರಡು ಹೂಬತ್ತಿ, ಒಂದು ಕರ್ಪೂರ. ಸುತ್ತ ಸಣ್ಣ ಪುಳ್ಳೆಯನ್ನು ಗೋಪುರದ ಹಾಗೆ ಆನಿಸಿ, ಬೆರಳು ತೂರುವಷ್ಟು ಸಂದು ಬಿಡಿ. ಗಾಳಿ ಆಡಬೇಕು. ಗೋಪುರದ ಮೇಲೆ ಎರಡು ಚಿಪ್ಪನ್ನು ಬೋರಲು ಹಾಕಿ. ಚಿಪ್ಪು ಒಮ್ಮೆ ಹತ್ತಿತೆಂದರೆ ತುಂಬ ಹೊತ್ತು ಜೋರಾಗಿ ಉರಿಯುತ್ತದೆ, ಒದ್ದೆ ಪುಳ್ಳೆಯನ್ನೂ ಹತ್ತಿಸುತ್ತದೆ.

ಹೊಗೆಕೊಳವೆ ಇರುವ ಒಲೆಯಾದರೆ ಇನ್ನೊಂದು ಕೆಲಸ ಬಾಕಿ. ವಾರಗಟ್ಟಲೆ ಖಾಲಿ ಇದ್ದ ಮನೆಯ ಕೊಳವೆಯಲ್ಲಿ ತಣ್ಣನೆಯ ಭಾರದ ಗಾಳಿ ಕೂತಿರುತ್ತದೆ. ಅದು ಹೊಗೆಯನ್ನು ಮೇಲೆ ಹೋಗಲು ಬಿಡದೆ ಕೋಣೆಗೇ ತಳ್ಳುತ್ತದೆ. ಒಂದು ಹಾಳೆಯನ್ನು ಉದ್ದಕ್ಕೆ ಸುರುಳಿ ಸುತ್ತಿ, ತುದಿಗೆ ಬೆಂಕಿ ಹಚ್ಚಿ, ಕೊಳವೆಯ ಬಾಯಿಗೆ ಹಿಡಿಯಿರಿ. ಉರಿ ಮೇಲಕ್ಕೆ ಎಳೆದುಕೊಂಡಿತು ಅಂದರೆ ದಾರಿ ತೆರೆದಿದೆ. ಆಮೇಲೆ ಗೂಡಿಗೆ ಕೆಳಗಿನಿಂದ ಬೆಂಕಿ ಕೊಡಿ.

ಈಗ ಕೈಕಟ್ಟಿ ಕೂರಿ. ನಿಜವಾಗಿ. ಮೊದಲ ಎರಡು ನಿಮಿಷ ಊದಬೇಡಿ, ಕೆದಕಬೇಡಿ. ಸಣ್ಣ ಪುಳ್ಳೆ ಚಟಪಟ ಅನ್ನತೊಡಗಿದ ಮೇಲೆ ಪೆನ್ಸಿಲ್ ಗಾತ್ರದ್ದು, ಅದು ಉರಿದ ಮೇಲೆ ಹೆಬ್ಬೆರಳಿನದ್ದು. ಊದುಗೊಳವೆ ಹಿಡಿದರೆ ಉರಿಯ ನೆತ್ತಿಗಲ್ಲ, ಕೆಂಡದ ಬುಡಕ್ಕೆ ಊದಿ. ಉದ್ದವಾಗಿ, ನಿಧಾನವಾಗಿ. ಕೆಂಡ ಕೂತ ಮೇಲೆ ದಪ್ಪ ಸೌದೆಯ ತುದಿಗಳನ್ನು ಒಳಗಿಟ್ಟು, ಉರಿದಂತೆ ಮುಂದಕ್ಕೆ ತಳ್ಳುತ್ತಾ ಹೋಗಿ. ಒಲೆಯ ಬಾಯಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ರಾತ್ರಿಯಿಡೀ ಬೇಕಾಗುವ ಸೌದೆಯನ್ನು ಒಂದು ತೋಳುದ್ದ ದೂರದಲ್ಲಿ ಒಣಗಲು ನಿಲ್ಲಿಸಿ. ಒಲೆಯ ಮೇಲೇ ಒಣಹಾಕಿ ಮಲಗಿದರೆ ಮನೆಯೇ ಹೋಗುತ್ತದೆ.

ಅಡ್ಡದಾರಿಗಳ ಬಗ್ಗೆ ಎರಡು ಮಾತು. ಸೀಮೆಎಣ್ಣೆ ಈಗ ಸಿಗುವುದು ಕಷ್ಟ ಅಂತ ಬೈಕಿನಿಂದ ಪೆಟ್ರೋಲ್ ತೆಗೆದು ಸುರಿಯುವ ಹುಡುಗರಿದ್ದಾರೆ. ಪೆಟ್ರೋಲ್ ಉರಿಯುವ ಮೊದಲು ಅದರ ಆವಿ ಉರಿಯುತ್ತದೆ, ಕಡ್ಡಿ ಗೀರಿದವನ ಮುಖದವರೆಗೂ. ಸ್ಯಾನಿಟೈಸರ್ ಸುರಿಯುವುದು ಅದಕ್ಕಿಂತ ಜಾಣತನವೇನಲ್ಲ. ಅದರ ಉರಿ ಹಗಲಲ್ಲಿ ಕಣ್ಣಿಗೇ ಕಾಣದು, ಆರಿತು ಅಂತ ಮತ್ತೆ ಸುರಿದವನ ಕೈಯಲ್ಲೇ ಬಾಟಲಿ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವರ್, ಬಿಸ್ಕತ್ ಪೊಟ್ಟಣ ಸುಟ್ಟು ಒಲೆ ಹಚ್ಚುವುದಂತೂ ಬೇಡವೇ ಬೇಡ, ಆ ಹೊಗೆ ಕುಡಿಯುವವರು ನೀವೇ ಅಲ್ವಾ?

5. ನೀರು ಕಾಯಿಸಿ

ಹಳ್ಳದ ನೀರು ಎಷ್ಟು ತಿಳಿಯಾಗಿದ್ದರೂ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ಈ ಬೆಟ್ಟಗಳ ಎತ್ತರಕ್ಕೆ ಅಷ್ಟು ಸಾಕು. ಸೋಪು ಹಾಕಿ ಹಳ್ಳದಲ್ಲೇ ಪಾತ್ರೆ ತೊಳೆಯಬೇಡಿ, ಬೂದಿ ಇದೆ, ನಾರಿದೆ.

6. ರಾತ್ರಿ

ಚಳಿ ಜಾಸ್ತಿ ಆಯಿತು ಅಂತ ಬಾಣಲೆಯಲ್ಲಿ ಕೆಂಡ ತುಂಬಿಕೊಂಡು ಮಲಗುವ ಕೋಣೆಗೆ ಒಯ್ದು ಬಾಗಿಲು, ಕಿಟಕಿ ಮುಚ್ಚುವವರಿದ್ದಾರೆ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬಾರದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು. ಮಲಗಿದ್ದವರಿಗೆ ಅದೂ ಗೊತ್ತಾಗದು. ಒಲೆಯ ಕೋಣೆಯಲ್ಲೇ ಮಲಗಬೇಕಾದರೆ ಕೆಂಡ ಪೂರ್ತಿ ಆರಿಸಿ, ಕಿಟಕಿ ಒಂದು ಕೈ ತೆರೆದಿಡಿ. ಬೆಚ್ಚಗಿರಲು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಕಾಲ ಬಳಿ ಇಟ್ಟುಕೊಳ್ಳಿ. ಸ್ಟೀಲ್ ಬಾಟಲಿ ಒಳ್ಳೆಯದು.

ಬಾಳೆಹಣ್ಣು, ಹಲಸು, ಉಪ್ಪು ಯಾವುದೂ ಜಗಲಿಯಲ್ಲಿ ಉಳಿಯಬಾರದು, ಆನೆಯನ್ನು ನೀವೇ ಕರೆದ ಹಾಗೆ. ಹೊರಗೆ ಸದ್ದಾದರೆ ಬಾಗಿಲು ತೆರೆದು ಟಾರ್ಚ್ ಬಿಡಬೇಡಿ. ಬೆಳಿಗ್ಗೆ ಷೂ ಕೊಡವಿ ಹಾಕಿಕೊಳ್ಳಿ. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಬಾಯಿಂದ ಹೀರಬಾರದು. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, ಸಾಧ್ಯವಾದಷ್ಟು ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಕೀ ಕೊಡುವವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

7. ಹೊರಡುವ ದಿನ

ಒಲೆಗೆ ನೀರು ಹಾಕಿ, ಕೆದಕಿ, ಮತ್ತೆ ಹಾಕಿ. ಅಂಗೈ ಹಿಂಭಾಗ ಹತ್ತಿರ ಹಿಡಿದರೆ ಶಾಖ ತಾಗಬಾರದು. ಬೂದಿಯನ್ನು ತರಗೆಲೆಯ ಮೇಲೆ ಸುರಿಯಬೇಡಿ, ಜನವರಿಯಿಂದ ಕಾಡು ಒಣಗಿರುತ್ತದೆ. ನೀವು ಎಷ್ಟು ಸೌದೆ ಸುಟ್ಟಿರೋ ಅಷ್ಟನ್ನು ಸೀಳಿ ಗೂಡಿನಲ್ಲಿಡಿ, ಜತೆಗೆ ಒಂದು ಹಿಡಿ ಒಣ ಪುಳ್ಳೆ. ಮುಂದೆ ಬರುವವರು ರಾತ್ರಿ ಏಳಕ್ಕೆ ಬರುವ ಪೈಕಿಯವರೇ ಇರುತ್ತಾರೆ. ಕಸವೆಲ್ಲ ನಿಮ್ಮ ಜತೆಗೇ ಮೈಸೂರಿಗೆ.

ಮನೆಗೆ ಬಂದು ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣ್ಣೆ ಹುಳ ಕೂತಿದೆಯೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣ್ಣೆಯಿಂದಲೇ. 2012ರಲ್ಲಿ ಅದು ಬಂಡೀಪುರದ ಕಡೆಯೂ ಕಾಣಿಸಿಕೊಂಡಿತ್ತು. ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಡಾಕ್ಟರ ಹತ್ತಿರ ಹೋಗಿ. ಕಾಡಿಗೆ ಹೋಗಿ ಬಂದದ್ದನ್ನು ಅವರು ಕೇಳುವ ಮೊದಲೇ ಹೇಳಿ.