ಮನೆಯಲ್ಲೇ ಶುಗರ್ ನೋಡುವುದು ಹೇಗೆ? ನೋಡಿದ ಮೇಲೆ ಮಾಡುವುದೇನು?

ಒಂದು ಸಂಜೆ ನನ್ನ ಗ್ಲುಕೋಮೀಟರ್ 243 ಎಂದು ತೋರಿಸಿತು. ಮಧ್ಯಾಹ್ನ ಹದವಾಗಿಯೇ ಉಂಡಿದ್ದೆ, ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತಿನ ಮೇಲೆ ನೆನಪಾಯಿತು: ಆಗಷ್ಟೇ ಹಣ್ಣು ಹೆಚ್ಚಿ ಬಂದಿದ್ದೆ, ಕೈ ತೊಳೆದಿರಲಿಲ್ಲ. ಸೋಪು ಹಾಕಿ ತೊಳೆದು ಮತ್ತೆ ನೋಡಿದರೆ 138! ರಕ್ತದ ಜೊತೆಗೆ ಬೆರಳಿಗಂಟಿದ್ದ ಹಣ್ಣಿನ ರಸವನ್ನೂ ಮೀಟರ್ ಅಳೆದುಬಿಟ್ಟಿತ್ತು.

ಹಾಗಾಗಿ ಮೊದಲ ಹೆಜ್ಜೆ ಕೈ ತೊಳೆಯುವುದು. ಬೆಚ್ಚಗಿನ ನೀರಾದರೆ ಇನ್ನೂ ಒಳ್ಳೆಯದು, ಬೆರಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ಆಮೇಲೆ ಪೂರ್ತಿ ಒರೆಸಿಕೊಳ್ಳಿ. ನೀರಿನ ಪಸೆ ಉಳಿದರೆ ರಕ್ತ ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಸ್ಪಿರಿಟ್ ಹಚ್ಚುವ ಅಭ್ಯಾಸ ಇದ್ದರೆ ಅದು ಆರುವ ತನಕ ಕಾಯಿರಿ.

ಮುಂದಿನದು ಸ್ಟ್ರಿಪ್, ಅಂದರೆ ಮೀಟರ್‌ಗೆ ಸಿಕ್ಕಿಸಿ ರಕ್ತದ ಹನಿ ತಾಗಿಸುವ ಪಟ್ಟಿ. ಡಬ್ಬಿಯಿಂದ ಒಂದನ್ನು ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ. ಗಾಳಿಯ ತೇವ ತಗುಲಿದರೆ ಸ್ಟ್ರಿಪ್ ಕೆಡುತ್ತದೆ, ಆದರೆ ಕೆಟ್ಟಿದೆ ಎಂದು ನೋಡಿದರೆ ಗೊತ್ತಾಗುವುದಿಲ್ಲ. ಒಲೆಯ ಪಕ್ಕ, ಬಚ್ಚಲುಮನೆ, ಬಿಸಿಲಿಗೆ ನಿಲ್ಲಿಸಿದ ಕಾರು ಇವೆಲ್ಲ ಡಬ್ಬಿ ಇಡುವ ಜಾಗಗಳಲ್ಲ. ಎಕ್ಸ್‌ಪೈರಿ ದಿನಾಂಕವನ್ನೂ ನೋಡಿಕೊಳ್ಳಿ.

ಚುಚ್ಚಬೇಕಾದದ್ದು ಬೆರಳ ತುದಿಯ ಪಕ್ಕದಲ್ಲಿ. ನಡುಮಧ್ಯೆ ಚುಚ್ಚಿದರೆ ನೋವು ಜಾಸ್ತಿ. ರಕ್ತ ಬರದಿದ್ದರೆ ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಬೆರಳನ್ನು ಬಲವಾಗಿ ಹಿಂಡಬೇಡಿ. ಹಿಂಡಿದರೆ ರಕ್ತದ ಜೊತೆ ಒಳಗಿನ ನೀರಿನಂಥ ದ್ರವವೂ ಸೇರಿ ಅಂಕಿ ಏರುಪೇರಾಗುತ್ತದೆ. ಹನಿಯನ್ನು ಸ್ಟ್ರಿಪ್ಪಿನ ಅಂಚಿಗೆ ತಾಗಿಸಿದರೆ ಸಾಕು, ಅದೇ ಹೀರಿಕೊಳ್ಳುತ್ತದೆ. ಒಬ್ಬರು ಬಳಸಿದ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ, ಗಂಡ ಹೆಂಡತಿಯಾದರೂ ಸರಿ. ಚುಚ್ಚುವ ಪೆನ್ನಿಗೂ ಇದೇ ಮಾತು.

ಅಂಕಿ ಬಂತು, ಈಗೇನು?

ಮೊದಲು ಒಂದು ಗುಟ್ಟು. ಈಗಿನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಶುಗರ್ 100 ದಾಟಿದಾಗ ಮೀಟರ್ ಶೇ 15ರಷ್ಟು ಆಚೀಚೆ ಹೇಳಿದರೂ ಅದು ಒಳ್ಳೆಯ ಮೀಟರೇ. ಅಂದರೆ ನಿಜವಾದ ಶುಗರ್ 160 ಇದ್ದರೆ ಅದು 140 ತೋರಿಸಬಹುದು, 180 ತೋರಿಸಬಹುದು. ನಿನ್ನೆ 152, ಇವತ್ತು 160 ಎಂದು ಕೊರಗುವುದರಲ್ಲಿ ಅರ್ಥವಿಲ್ಲ ಅಲ್ವಾ?

ಸಕ್ಕರೆ ಕಾಯಿಲೆ ಇರುವ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮೊದಲು 80ರಿಂದ 130, ಊಟವಾದ ಮೇಲೆ 180ರ ಒಳಗೆ ಎಂಬುದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಪದೇಪದೇ ಶುಗರ್ ಇಳಿಯುವವರಿಗೆ ಡಾಕ್ಟರ್ ಇದನ್ನು ಸಡಿಲ ಮಾಡುತ್ತಾರೆ. ಗರ್ಭಿಣಿಯರಿಗೆ ಬಿಗಿ ಮಾಡುತ್ತಾರೆ. ಕಾಯಿಲೆ ಇದೆಯೋ ಇಲ್ಲವೋ ಎಂಬ ತೀರ್ಮಾನ ಮಾತ್ರ ಮನೆಯ ಮೀಟರ್‌ನಲ್ಲಿ ಆಗುವುದಿಲ್ಲ. ಅದಕ್ಕೆ ಲ್ಯಾಬಿನ ವರದಿಯೇ ಬೇಕು. ಅಲ್ಲಿ ಫಾಸ್ಟಿಂಗ್, ಅಂದರೆ ಬರಿಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಯಾಬಿಟಿಸ್ ಎನ್ನುತ್ತಾರೆ, ಸಾಮಾನ್ಯವಾಗಿ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು.

ಜೋಡಿಯಾಗಿ ನೋಡಿ

ಹೆಚ್ಚಿನವರು ದಿನಾ ಬೆಳಿಗ್ಗೆ ಒಮ್ಮೆ ಚುಚ್ಚಿ, ಅಂಕಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡು ಮೀಟರ್ ಒಳಗಿಡುತ್ತಾರೆ. ಸುಮ್ನೆ ಸ್ಟ್ರಿಪ್ ದಂಡ. ಒಂಟಿ ಅಂಕಿ ಏನನ್ನೂ ಕಲಿಸುವುದಿಲ್ಲ. ಒಂದು ಊಟ ಆರಿಸಿಕೊಳ್ಳಿ. ಅದಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಸರಿಯಾಗಿ 2 ಗಂಟೆಗೆ ಇನ್ನೊಮ್ಮೆ ನೋಡಿ. ಗಡಿಯಾರ ಶುರುವಾಗುವುದು ಮೊದಲ ತುತ್ತಿಗೆ. ಉಂಡು ಕೈ ತೊಳೆದ ಹೊತ್ತಿನಿಂದ ಲೆಕ್ಕ ಹಾಕುವವರೇ ಜಾಸ್ತಿ.

120 ಇದ್ದದ್ದು 215 ಆಯಿತು ಅನ್ನಿ. ಆ ಊಟ ನಿಮ್ಮ ಮೈಗೆ ಭಾರವಾಗಿದೆ. ನಾಳೆ ಅದೇ ಊಟವನ್ನೇ ಮಾಡಿ, ಒಂದೇ ಒಂದು ಬದಲಾವಣೆಯೊಂದಿಗೆ: ಅನ್ನ, ಮುದ್ದೆ, ಚಪಾತಿಯಂಥ ಪಿಷ್ಟದ ಪದಾರ್ಥವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ. ಇಲ್ಲವೇ ತರಕಾರಿಯನ್ನು ಮೊದಲು ತಿಂದು ಅದನ್ನು ಕೊನೆಗೆ ತಿನ್ನಿ. ಇಲ್ಲವೇ ಊಟದಿಂದ ಎದ್ದ ಕೂಡಲೇ ಕಾಲು ಗಂಟೆ ನಡೆಯಿರಿ. ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಹೆಚ್ಚು ಬೇಡದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತವೆ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಇಳಿಯಿತು ಎಂದು ತಿಳಿಯುವುದಿಲ್ಲ.

ಇನ್ನು 170 ಇದ್ದದ್ದು 195 ಆದರೆ? ಅಲ್ಲಿ ಊಟದ ತಪ್ಪು ಕಡಿಮೆ. ಉಣ್ಣಲು ಕೂತಾಗಲೇ ಶುಗರ್ ಮೇಲಿತ್ತು. ಅದರ ಹಿಂದಿನ ಊಟವನ್ನೋ ಬೆಳಗಿನ ಫಾಸ್ಟಿಂಗ್ ಅನ್ನೋ ನೋಡಬೇಕು.

ಬೆಳಗಿನ ಶುಗರ್‌ದೇ ಒಂದು ಕಥೆ. ‘ರಾತ್ರಿ ಏನೂ ತಿಂದಿಲ್ಲ, ಆದರೂ 160 ಹೇಗೆ?’ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಬೆಳಗಿನ ಜಾವ ಮೈಯನ್ನು ಎಚ್ಚರಗೊಳಿಸುವ ಹಾರ್ಮೋನುಗಳು ಏರುತ್ತವೆ. ಅವುಗಳ ಮಾತು ಕೇಳಿ ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಇದಕ್ಕೆ ಶಿಕ್ಷೆ ಎಂಬಂತೆ ರಾತ್ರಿ ಊಟ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಡುರಾತ್ರಿ ಶುಗರ್ ಕುಸಿಯಬಹುದು. ನಾಲ್ಕಾರು ದಿನದ ಫಾಸ್ಟಿಂಗ್ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಮಾತ್ರೆಯ ಹೊತ್ತೋ ಪ್ರಮಾಣವೋ ಬದಲಾಗಬೇಕಿರಬಹುದು, ಆದರೆ ಅದನ್ನು ನೀವೇ ಬದಲಿಸಬೇಡಿ.

70ಕ್ಕಿಂತ ಕೆಳಗೆ ಬಂದರೆ

ಇಲ್ಲಿ ಯೋಚನೆಗೆ ಸಮಯವಿಲ್ಲ. ಕೈ ನಡುಕ, ಬೆವರು, ಎದೆ ಡವಡವ, ತಡೆಯಲಾರದ ಹಸಿವು ಇವು ಶುಗರ್ ಲೋ ಆಗುತ್ತಿರುವ ಗುರುತು. 3ರಿಂದ 4 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಕಿ ಕುಡಿಯಿರಿ, ಅಥವಾ ಅರ್ಧ ಲೋಟ ಹಣ್ಣಿನ ರಸ. ಅಲ್ಲಿಗೆ ಸುಮಾರು 15 ಗ್ರಾಂ ಸಕ್ಕರೆ ಆಯಿತು. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಎಂದರೆ ಮತ್ತೊಮ್ಮೆ ಅಷ್ಟೇ. ಸರಿಯಾದ ಮೇಲೆ ಏನಾದರೂ ತಿನ್ನಿ. ಚಾಕೊಲೇಟ್ ಇಲ್ಲಿ ನಂಬಿಕೆಯ ಗೆಳೆಯನಲ್ಲ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಪುಸ್ತಕ ಬೇಕೇ?

ಬೇಕು. ಮೀಟರ್‌ಗೆ ಅಂಕಿ ನೆನಪಿರುತ್ತದೆ, ನೀವು ಏನು ತಿಂದಿರಿ, ರಾತ್ರಿ ನಿದ್ದೆ ಬಂತೋ ಇಲ್ಲವೋ, ಜ್ವರ ಇತ್ತೋ ಎಂಬುದು ಅದಕ್ಕೆ ಗೊತ್ತಿಲ್ಲ. ಅಂಕಿಯ ಪಕ್ಕ ಒಂದು ಸಾಲು ಬರೆದಿಡಿ. ಕೆಟ್ಟ ಅಂಕಿಗಳನ್ನೂ ಬರೆಯಿರಿ. ಡಾಕ್ಟರ್ ಹತ್ತಿರ ಹೋಗುವ ಮೊದಲಿನ ಮೂರು ದಿನ ಮಾತ್ರ ಪಥ್ಯ ಮಾಡಿ ಒಳ್ಳೆಯ ಅಂಕಿ ತೋರಿಸುವ ಜಾಣತನ ನಡೆಯುವುದಿಲ್ಲ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಆ ಅವಧಿಯ ಸಕ್ಕರೆ ಅದಕ್ಕೆ ಅಂಟಿಕೊಂಡಿರುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಅದನ್ನೇ. ರಕ್ತಹೀನತೆ ಇರುವವರಲ್ಲಿ ಮಾತ್ರ ಈ ಪರೀಕ್ಷೆಯೂ ಹಾದಿ ತಪ್ಪಿಸಬಹುದು. ಆಗ ಡಾಕ್ಟರ್ ಕೇಳುವುದು ನಿಮ್ಮ ಪುಸ್ತಕವನ್ನೇ.