ದಾಶಿ ಅಂದ್ರೇನು, ಸಿಗದಿದ್ರೆ ಏನ್ ಹಾಕೋದು

ಜಪಾನಿನ ಮಿಸೊ ಸೂಪ್ (ಮಿಸೊ ಅಂದ್ರೆ ಹುದುಗಿಸಿದ ಸೋಯಾ ಪೇಸ್ಟು) ಮಾಡೋಣ ಅಂತ ರೆಸಿಪಿ ತೆಗೆದ್ರೆ ಮೊದಲನೇ ಸಾಲಲ್ಲೇ "ದಾಶಿ 3 ಕಪ್" ಅಂತ ಇರುತ್ತೆ. ಅಲ್ಲಿಗೆ ಅರ್ಧ ಜನ ಕೈಬಿಡ್ತಾರೆ, ಇನ್ನರ್ಧ ಜನ ಬರೀ ನೀರು ಹಾಕಿ ಮಾಡಿ, ಇಷ್ಟು ಸಪ್ಪೆ ಇರೋದನ್ನ ಹೆಂಗ್ ಕುಡೀತಾರಪ್ಪಾ ಅಂತಾರೆ. ನಾನೂ ಮೊದಲು ನೀರಿನ ಗುಂಪೇ.

ದಾಶಿ ಅಂದ್ರೆ ನಮ್ಮ ಕಟ್ಟು ಇದ್ದಂಗೆ ಅಷ್ಟೇ. ಹೋಳಿಗೆ ದಿನ ಬೇಳೆ ಬೆಂದ ನೀರು ಬಸಿದು ಸಾರು ಮಾಡ್ತೀವಲ್ಲ, ಅದಿಲ್ದೆ ಕಟ್ಟಿನ ಸಾರು ಹೆಂಗ್ ಆಗಲ್ವೋ ಹಂಗೇ ದಾಶಿ ಇಲ್ದೆ ಮಿಸೊ ಸೂಪ್, ಉಡೋನ್ ನೂಡಲ್ಸಿನ ಸಾರು ಯಾವ್ದೂ ಆಗಲ್ಲ. ಮಾಮೂಲಿ ದಾಶಿಗೆ ಎರಡೇ ಸಾಮಾನು. ಒಂದು ಕೊಂಬು, ಅಂದ್ರೆ ಒಣಗಿಸಿದ ದಪ್ಪ ಸಮುದ್ರ ಪಾಚಿ, ಜಪಾನಲ್ಲಿ ಇದು ಹೆಚ್ಚಾಗಿ ಬರೋದು ಹೊಕ್ಕೈಡೊ ಕಡೆಯಿಂದ. ಇನ್ನೊಂದು ಕತ್ಸುವೊಬುಶಿ, ಬೇಯಿಸಿ ಹೊಗೆ ಹಾಕಿ ಕಟ್ಟಿಗೆ ಥರ ಒಣಗಿಸಿದ ಮೀನನ್ನ ತೆಳ್ಳಗೆ ಹೆರೆದಿರೋದು. ಹಾಗಾಗಿ ಸಸ್ಯಾಹಾರಿಗಳೇ, ಹೋಟೆಲಲ್ಲಿ "ಬರೀ ತೋಫು ಸೂಪು" ಅಂದ್ರೂ ಒಂದ್ಸಲ ಕೇಳಿ, ಒಳಗೆ ಮೀನಿನ ನೀರು ಇರೋ ಚಾನ್ಸೇ ಜಾಸ್ತಿ.

ಬದಲಿ ಹುಡುಕೋಕೆ ಮುಂಚೆ ಇದ್ರಲ್ಲಿ ಏನಿದೆ ಅಂತ ಗೊತ್ತಿರ್ಬೇಕು. 1908ರಲ್ಲಿ ಕಿಕುನಾಯೆ ಇಕೆಡಾ ಅನ್ನೋ ಕೆಮಿಸ್ಟ್ರಿ ಪ್ರೊಫೆಸರ್ ಕೊಂಬು ನೀರಿಂದ ಅದರ ರುಚಿಗೆ ಕಾರಣವಾದ ಗ್ಲುಟಮೇಟ್ ಅನ್ನೋ ಪದಾರ್ಥ ಬೇರ್ಪಡಿಸಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ರು, ಮುಂದಿನ ವರ್ಷವೇ ಅದು ಅಜಿನೊಮೊಟೊ ಆಗಿ ಅಂಗಡಿಗೆ ಬಂತು, ಹೌದು, ನಮ್ಮ ಗೋಬಿ ಮಂಚೂರಿ ಗಾಡಿಯ ಟೇಸ್ಟಿಂಗ್ ಪೌಡರ್ರೇ. ಇದೇ ಥರ ರುಚಿ ಕೊಡೋಕೆ ಮೀನಲ್ಲಿರೋದು ಇನೋಸಿನೇಟ್, ಒಣ ಶಿಟಾಕೆ ಅಣಬೆಯಲ್ಲಿ ಗ್ವಾನಿಲೇಟ್. ಇವೆರಡರಲ್ಲಿ ಯಾವ್ದಾದ್ರೂ ಒಂದು ಗ್ಲುಟಮೇಟ್ ಜೊತೆ ಸೇರಿದ್ರೆ ರುಚಿ ಸುಮ್ನೆ ಕೂಡಲ್ಲ, ಹಲವು ಪಟ್ಟು ಏರುತ್ತೆ. ಆದ್ದರಿಂದ ಮೀನಿನ ಜಾಗಕ್ಕೆ ಅಣಬೆ ಹಾಕ್ಬಹುದು, ಜಪಾನಿನ ಬೌದ್ಧ ಮಠಗಳ ಅಡುಗೇಲಿ ಮಾಡೋದೂ ಇದನ್ನೇ.

ನಾನ್ ಮಾಡೋದು ಹೀಗೆ. 1 ಲೀಟರ್ ನೀರಿಗೆ 10 ಗ್ರಾಂ ಕೊಂಬು, 3-4 ಒಣ ಶಿಟಾಕೆ ಹಾಕಿ ರಾತ್ರಿಯೆಲ್ಲಾ ಫ್ರಿಜ್ಜಲ್ಲಿ ಇಡೋದು. ಬಿಸಿನೀರು ಬೇಡ, ತಣ್ಣೀರೇ. ಕೊಂಬು ಮೇಲೆ ಬಿಳೀ ಪುಡಿ ಕೂತಿರುತ್ತೆ, ನಾನು ಮೊದಲನೇ ಸಲ ಬೂಷ್ಟು ಅಂದ್ಕೊಂಡು ನಲ್ಲಿ ಕೆಳಗೆ ಉಜ್ಜಿ ಉಜ್ಜಿ ತೊಳೆದು ಇದ್ದಬದ್ದ ರುಚಿನೆಲ್ಲಾ ಸಿಂಕಿಗೆ ಬಿಟ್ಟೆ. ಒದ್ದೆ ಬಟ್ಟೇಲಿ ಮಣ್ಣಿದ್ರೆ ಒರೆಸಿ, ಸಾಕು. ಬೆಳಿಗ್ಗೆ ಸಣ್ಣ ಉರೀಲಿ ಇಡಿ, ಪಾತ್ರೆ ತಳದಲ್ಲಿ ಸಣ್ಣ ಗುಳ್ಳೆ ಏಳೋಕೆ ಶುರುವಾದ ತಕ್ಷಣ ಕೊಂಬು ತೆಗೆದುಬಿಡಿ, ಕುದಿಸಿದ್ರೆ ಲೋಳೆ ಬಿಟ್ಟು ಕಹಿ ಬರುತ್ತೆ. ಅಣಬೆ ಇನ್ನೊಂದೈದು ನಿಮಿಷ ಇರ್ಲಿ, ಆಮೇಲೆ ಸೋಸಿ. ಮೀನು ತಿನ್ನೋರಾದ್ರೆ ಅಣಬೆ ಬಿಟ್ಟು, ಕೊಂಬು ತೆಗೆದ ಮೇಲೆ ನೀರು ಕುದಿಸಿ ಸ್ಟವ್ ಆಫ್ ಮಾಡಿ 20 ಗ್ರಾಂ ಕತ್ಸುವೊಬುಶಿ ಹಾಕಿ ಎರಡು ನಿಮಿಷಕ್ಕೆ ಸೋಸೋದು, ಹಿಂಡ್ಬೇಡಿ. ಥೈರಾಯ್ಡ್ ಇರೋರು ಕೊಂಬು ತಿನ್ನೋ ಮುಂಚೆ ಡಾಕ್ಟರನ್ನ ಕೇಳಿ, ಅದ್ರಲ್ಲಿ ಅಯೋಡಿನ್ ವಿಪರೀತ.

ಕೊಂಬೂ ಸಿಗಲಿಲ್ವಾ? ಬರೀ ಒಣ ಶಿಟಾಕೆ ನೆನೆಸಿದ ನೀರಿಗೆ ಒಂದು ಚಿಟಿಕೆ ಟೇಸ್ಟಿಂಗ್ ಪೌಡರ್, ಒಂದೆರಡು ಹನಿ ಸೋಯಾ ಸಾಸ್. ಮೂಗು ಮುರೀಬೇಡಿ, ಕೊಂಬು ಕೊಡೋದೂ ಅದೇ ಗ್ಲುಟಮೇಟನ್ನೇ, ಸಮುದ್ರದ ಆ ಘಮ ಮಾತ್ರ ಇರಲ್ಲ. ರೆಡಿಮೇಡ್ ದಾಶಿ ಪುಡಿ ಆನ್‌ಲೈನಲ್ಲಿ ಸಿಗುತ್ತೆ, ಅದ್ರಲ್ಲಿ ಸಾಮಾನ್ಯವಾಗಿ ಮೀನು, ಉಪ್ಪು ಎರಡೂ ಇರುತ್ತೆ, ಪ್ಯಾಕೆಟ್ ಓದಿ, ಮಿಸೊ ಕಮ್ಮಿ ಮಾಡಿ. ಸುಶಿಗೆ ಸುತ್ತೋ ನೋರಿ ಹಾಳೆನೂ ಪಾಚಿನೇ ಅಲ್ವಾ ಅಂತ ಹಾಕೋಕೆ ಹೋಗ್ಬೇಡಿ, ಕರಗಿ ಕಪ್ಪು ರಾಡಿ ಆಗುತ್ತೆ. ಕ್ಯಾರೆಟ್ ಈರುಳ್ಳಿ ಸ್ಟಾಕ್ ಕ್ಯೂಬ್ ಅಂತೂ ಬೇಡ್ವೇ ಬೇಡ, ಕುಡಿದ್ರೆ ಮ್ಯಾಗಿ ಮಸಾಲ ನೀರು ಕುಡಿದಂಗಿರುತ್ತೆ.

ಸೋಸಿದ ಮೇಲೆ ಉಳಿದ ಕೊಂಬು ಎಸೀಬೇಡಿ, ಸಣ್ಣಗೆ ಹೆಚ್ಚಿ ಸೋಯಾ ಸಾಸು, ಸಕ್ಕರೆ ಹಾಕಿ ನೀರಿಂಗೋವರೆಗೂ ಬೇಯಿಸಿ ಮೇಲೆ ಎಳ್ಳು ಉದುರಿಸಿದ್ರೆ ಅನ್ನಕ್ಕೆ ನೆಂಚ್ಕೊಳ್ಳೋಕೆ ಆಯ್ತು. ನಮ್ಮನೇಲಿ ಸೂಪಿಗಿಂತ ಇದೇ ಬೇಗ ಖಾಲಿ.