ಸರ್ವರ್ ನಿಲ್ಲಿಸದೆ ಪಾರ್ಟಿಷನ್ ಹಿಗ್ಗಿಸಿದ್ದು

ಜನವರಿಯ ಒಂದು ಬೆಳಿಗ್ಗೆ, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಲಿನಕ್ಸ್ ಸರ್ವರ್‌ನಲ್ಲಿ ರೂಟ್ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಸಿಸ್ಟಮ್ ಕೂತಿರುವ ಭಾಗ, ಶೇ. 97ರಷ್ಟು ತುಂಬಿತ್ತು. ಕೊಯ್ಲಿನ ಕಾಲ, ಗೇಟಿನಾಚೆ ಪಾರ್ಚ್‌ಮೆಂಟ್, ಚೆರ್ರಿ ಕಾಫಿ ಮೂಟೆಗಳ ಲಾರಿ ಸಾಲುಗಟ್ಟಿದ್ದವು. ತೂಕದ ಚೀಟಿ ಬರುವುದು ಅದೇ ಸರ್ವರ್‌ನಿಂದ. "ಸಾರ್, ಏನ್ ಬೇಕಾದ್ರೂ ಮಾಡಿ, ಮೆಷಿನ್ ಮಾತ್ರ ಆಫ್ ಮಾಡ್ಬೇಡಿ" ಅಂದರು ರೈಟರ್.

ಡಿಸ್ಕಿನಲ್ಲಿ ಜಾಗವೇನೋ ಇತ್ತು. ಹಿಂದಿನ ಮಳೆಗಾಲದಲ್ಲಿ ಹಳೆಯ 120 ಜಿಬಿ ಡಿಸ್ಕನ್ನು ಇದ್ದ ಹಾಗೇ 500 ಜಿಬಿ ಎಸ್‌ಎಸ್‌ಡಿಗೆ ನಕಲು ಮಾಡಿದ್ದೆ. ಉಳಿದದ್ದು ಕೊನೆಯಲ್ಲಿ ಖಾಲಿ ಬಿದ್ದಿತ್ತು. ಆದರೆ ರೂಟ್‌ಗೂ ಆ ಖಾಲಿ ಜಾಗಕ್ಕೂ ನಡುವೆ, ರ‍್ಯಾಮ್ ಸಾಲದಾದಾಗ ಬಳಕೆಯಾಗುವ 8 ಜಿಬಿ ಸ್ವಾಪ್ ಪಾರ್ಟಿಷನ್ ಅಡ್ಡ ಕೂತಿತ್ತು. ಪಾರ್ಟಿಷನ್ ಹಿಗ್ಗಬೇಕಾದರೆ ಅದರ ಬಾಲಕ್ಕೆ ಅಂಟಿಕೊಂಡೇ ಜಾಗ ಇರಬೇಕು.

ಈ ಕೆಲಸದ ಮರ್ಮ ನನಗೆ ತಿಳಿದದ್ದು ವರ್ಷಗಳ ಹಿಂದೆ, ಹಾಸನದ ಒಂದು ಕಾಲೇಜು ಲ್ಯಾಬಿನಲ್ಲಿ. ಹಳೆಯ ಯಂತ್ರವೊಂದರ ಪಾರ್ಟಿಷನ್ ಅಳಿಸಿ, ಎಫ್‌ಡಿಸ್ಕ್ ಎಂಬ ಪಾರ್ಟಿಷನ್ ಸಾಧನದಲ್ಲಿ ದೊಡ್ಡದಾಗಿ ಮತ್ತೆ ಬರೆದಿದ್ದೆ. ಮೌಂಟ್ ಆಗಲೇ ಇಲ್ಲ, ಅಂದರೆ ಒಳಗಿನ ಫೈಲುಗಳು ತೆರೆದುಕೊಳ್ಳಲಿಲ್ಲ. ಕೈಕಾಲು ತಣ್ಣಗಾಯಿತು. ಮೊದಲಿನದು ಡಿಸ್ಕಿನ 63ನೇ ಸೆಕ್ಟರ್‌ನಿಂದ (ಸೆಕ್ಟರ್ ಎಂದರೆ ಡಿಸ್ಕಿನ ಒಂದು ಸಣ್ಣ ತುಂಡು) ಶುರುವಾಗಿತ್ತು, ಹೊಸ ಎಫ್‌ಡಿಸ್ಕ್ ತಾನಾಗಿ 2048 ಹಾಕಿತ್ತು. ಹಳೆಯ ಅಂಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರ ಜೊತೆಗಾರ ಸಾಧನ ಎಸ್‌ಎಫ್‌ಡಿಸ್ಕ್‌ನಿಂದ 63 ಎಂದು ತಿದ್ದಿದ ಕೂಡಲೇ ಫೈಲುಗಳೆಲ್ಲ ಇದ್ದಲ್ಲೇ ಇದ್ದವು. ನಾನು ಅಳಿಸಿದ್ದು ಪಾರ್ಟಿಷನ್ ಪಟ್ಟಿಯ ಒಂದು ಸಾಲನ್ನು ಅಷ್ಟೇ, ಫೈಲುಗಳನ್ನಲ್ಲ. ಆವತ್ತಿನಿಂದ, ಶುರುವಿನ ಸೆಕ್ಟರ್ ಬರೆದಿಟ್ಟುಕೊಳ್ಳದೆ ಯಾವ ಡಿಸ್ಕನ್ನೂ ಮುಟ್ಟಿಲ್ಲ.

ಇಲ್ಲಿಯೂ ಮೊದಲು ಪಾರ್ಟಿಷನ್ ಪಟ್ಟಿಯನ್ನು ಎಸ್‌ಎಫ್‌ಡಿಸ್ಕ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿದೆ, ಡೇಟಾಬೇಸಿನ ಪ್ರತಿಯೊಂದನ್ನು ಬೇರೆ ಯಂತ್ರಕ್ಕೆ ಕಳಿಸಿದೆ. ರ‍್ಯಾಮ್ ಅರ್ಧಕ್ಕಿಂತ ಹೆಚ್ಚು ಖಾಲಿ ಇರುವುದನ್ನು ನೋಡಿಕೊಂಡೇ ಸ್ವಾಪ್‌ಆಫ್ ಕೊಟ್ಟು ಸ್ವಾಪ್ ನಿಲ್ಲಿಸಿದೆ, ಬೂಟ್ ಆಗುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿದ್ದ ಅದರ ಸಾಲನ್ನೂ ತೆಗೆದೆ.

ಪಾರ್ಟೆಡ್ ಎಂಬ ಇನ್ನೊಂದು ಪಾರ್ಟಿಷನ್ ಸಾಧನದಲ್ಲಿ ಪಟ್ಟಿ ನೋಡಿದ ಕೂಡಲೇ ಎಚ್ಚರಿಕೆ ಬಂತು. ಜಿಪಿಟಿ ಮಾದರಿಯ ಪಾರ್ಟಿಷನ್ ಪಟ್ಟಿಯ ಎರಡನೇ ಪ್ರತಿ ಡಿಸ್ಕಿನ ತೀರಾ ಕೊನೆಯಲ್ಲಿರಬೇಕು. ನಕಲಾಗಿ ಬಂದದ್ದರಿಂದ ಅದು ಹಳೆಯ 120 ಜಿಬಿಯ ಗಡಿಯಲ್ಲೇ ಉಳಿದಿತ್ತು. 'ಫಿಕ್ಸ್' ಎಂದೆ. ಸ್ವಾಪ್ ಪಾರ್ಟಿಷನ್ ಅಳಿಸಿ, ರೂಟ್‌ಗೆ ಅಳತೆ ಬದಲಿಸುವ ರೀಸೈಜ್‌ಪಾರ್ಟ್ ಆಜ್ಞೆ ಕೊಟ್ಟು ಕೊನೆಯನ್ನು ಶೇ. 100 ಅಂದೆ. ಪಾರ್ಟಿಷನ್ ಬಳಕೆಯಲ್ಲಿದೆ, ಮುಂದುವರಿಯಲೇ ಎಂದು ಕೇಳಿತು. ಶುರುವಿನ ಸೆಕ್ಟರ್ ಅಲುಗುವುದಿಲ್ಲವಾದ್ದರಿಂದ ಧೈರ್ಯವಾಗಿ ಹೌದು ಅಂದೆ. ಎಫ್‌ಡಿಸ್ಕ್‌ಗಿಂತ ಪಾರ್ಟೆಡ್ ನನಗೆ ಇಷ್ಟವಾಗುವುದು ಇದಕ್ಕೇ: ಅಳಿಸಿ ಮತ್ತೆ ಬರೆಯುವ ಗೊಡವೆ ಇಲ್ಲ, ಹೊಸ ಅಳತೆಯನ್ನು ಕರ್ನೆಲ್‌ಗೂ (ಸಿಸ್ಟಮ್‌ನ ತಿರುಳಿಗೂ) ಅದೇ ತಿಳಿಸುತ್ತದೆ. ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಆಜ್ಞೆ ಹೊಸ ಅಳತೆ ತೋರಿಸುವವರೆಗೆ ಮುಂದಿನ ಹೆಜ್ಜೆ ಇಡಬಾರದು.

ಉಳಿದದ್ದು ರೀಸೈಜ್‌ಟುಎಫ್‌ಎಸ್, ಪಾರ್ಟಿಷನ್ ಒಳಗಿನ ಫೈಲ್ ಸಿಸ್ಟಮ್ ಹಿಗ್ಗಿಸುವ ಆಜ್ಞೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೌಂಟ್ ಆಗಿದ್ದಾಗಲೇ ಹಿಗ್ಗುತ್ತದೆ. ಕುಗ್ಗಿಸಲು ಮಾತ್ರ ಅನ್‌ಮೌಂಟ್ ಮಾಡಲೇಬೇಕು. ಕೆಲವೇ ಸೆಕೆಂಡುಗಳಲ್ಲಿ ಶೇ. 97 ಇದ್ದದ್ದು 22ಕ್ಕೆ ಇಳಿಯಿತು. ಆಚೆ ತೂಕದ ಚೀಟಿ ಒಂದೂ ತಪ್ಪದೆ ಬರುತ್ತಿತ್ತು. ಸ್ವಾಪ್‌ಗೆ ಈ ಸಲ ಪಾರ್ಟಿಷನ್ ಬೇಡವೆಂದು 4 ಜಿಬಿಯ ಸ್ವಾಪ್ ಫೈಲ್ ಮಾಡಿದೆ.

ಒಂದು ಮರೆತಿದ್ದೆ. ಭಾನುವಾರ ರೀಬೂಟ್ ಮಾಡಿದಾಗ ಯಂತ್ರ ಹಳೆಯ ಸ್ವಾಪ್‌ಗಾಗಿ ಕಾದು ನಿಂತಿತು; ಬೂಟ್‌ನ ಆರಂಭಕ್ಕೆ ಬೇಕಾದ ಪುಟ್ಟ ಕಡತಗುಚ್ಛ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಉಳಿದುಬಿಟ್ಟಿತ್ತು. ಆ ಗುರುತು ಇರುವ ರೆಸ್ಯೂಮ್ ಫೈಲಿನಲ್ಲಿ 'none' (ಯಾವುದೂ ಇಲ್ಲ) ಎಂದು ಬರೆದು, ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿಸಿದ ಮೇಲೆ ತಡವಿಲ್ಲದೆ ಬೂಟ್ ಆಯಿತು.